ಒಂದೇ ಕಾಯಿಲೆಗೆ ಬೇರೆ ಬೇರೆ ಔಷಧಿ ಏಕೆ?



ಭಾಂಡುಪ್ ಪಶ್ಚಿಮದ ಶ್ರೋತೃವೊಬ್ಬರು ನಮ್ಮ ಕನ್ನಡ ವಿಭಾಗಕ್ಕೆ ಪತ್ರ ಬರೆದಿದ್ದಾರೆ. ಅವರ ಅತ್ತಿಗೆಗೂ ಅದೇ ಚಾಳಿನ ಇನ್ನೊಬ್ಬ ಮಹಿಳೆಗೂ ಕೆಲವೇ ತಿಂಗಳ ಅಂತರದಲ್ಲಿ ಸ್ತನ ಕ್ಯಾನ್ಸರ್ ಪತ್ತೆಯಾಯಿತು. ಇಬ್ಬರಿಗೂ ಆಪರೇಷನ್ ಆಗಿದೆ. ಪಕ್ಕದ ಮನೆಯವರಿಗೆ ದಿನಕ್ಕೊಂದು ಮಾತ್ರೆ ಬರೆದು, ಐದು ವರ್ಷ ಬಿಡದೆ ತೆಗೆದುಕೊಳ್ಳಿ ಎಂದಿದ್ದಾರೆ. ಅತ್ತಿಗೆಯ ರಿಪೋರ್ಟಿನಲ್ಲಿ ಮಾತ್ರ 'ಹರ್2: 2+' ಎಂದಿದೆ. 'ಫಿಶ್' ಎಂಬ ಇನ್ನೊಂದು ಪರೀಕ್ಷೆ ಆಗಲಿ, ಆಮೇಲೆ ಮೂರು ವಾರಕ್ಕೊಮ್ಮೆ ಕೊಡುವ ದುಬಾರಿ ಇಂಜೆಕ್ಷನ್ ಬೇಕೋ ಬೇಡವೋ ಹೇಳುತ್ತೇವೆ ಎಂದಿದ್ದಾರಂತೆ. ಪತ್ರದಲ್ಲಿರುವ ಪ್ರಶ್ನೆಗಳು ನೇರವಾಗಿವೆ. ಕಾಯಿಲೆ ಒಂದೇ ಆದಮೇಲೆ ಔಷಧಿ ಬೇರೆ ಏಕೆ? ಡಾಕ್ಟರು ಜೇಬು ನೋಡಿ ಔಷಧಿ ಬರೆಯುತ್ತಾರೆಯೆ? ಈ ಎರಡನೇ ಪರೀಕ್ಷೆಯ ಖರ್ಚು ಉಳಿಸಿ, ಪಕ್ಕದ ಮನೆಯವರ ಮಾತ್ರೆಯನ್ನೇ ಇವರಿಗೂ ಕೊಟ್ಟರೆ ಆಗದೆ?

ಆಗುವುದಿಲ್ಲ. ಏಕೆ ಆಗುವುದಿಲ್ಲ ಎನ್ನುವುದಕ್ಕೆ ಸ್ವಲ್ಪ ಒಳಗೆ ಇಳಿಯಬೇಕು. ಗೆಡ್ಡೆ ಎದ್ದಿರುವ ಜಾಗ ಒಂದೇ ಆದರೂ ಅದರೊಳಗಿನ ಜೀವಕೋಶಗಳನ್ನು ಬೆಳೆಯುವಂತೆ ದೂಡುತ್ತಿರುವ ಪ್ರೋಟೀನು ಒಬ್ಬೊಬ್ಬರಲ್ಲಿ ಒಂದೊಂದಾಗಿರಬಹುದು. ಈಗಿನ ಹಲವು ಔಷಧಿಗಳು ಆ ಒಂದು ಪ್ರೋಟೀನನ್ನು ಹುಡುಕಿಕೊಂಡು ಹೋಗುವಂಥವು. ಅದು ಅಲ್ಲಿಲ್ಲದಿದ್ದರೆ ಔಷಧಿ ಬಂದ ದಾರಿಗೆ ಸುಂಕವಿಲ್ಲದೆ ಹೊರಟುಹೋಗುತ್ತದೆ. ದುಡ್ಡೂ ಹೋಯಿತು, ಅಮೂಲ್ಯವಾದ ತಿಂಗಳುಗಳೂ ಹೋದವು.

ಈ ಪ್ರೋಟೀನುಗಳಿಗೆ ರಿಸೆಪ್ಟರ್ ಎಂದು ಹೆಸರು. ಕನ್ನಡದಲ್ಲಿ ಕೆಲವರು 'ಗ್ರಾಹಕ' ಎಂದು ಬರೆಯುತ್ತಾರೆ. ನಮ್ಮ ಹೋಟೆಲಿನವರಿಗೆ ಗ್ರಾಹಕ ಎಂದರೆ ಗಿರಾಕಿ, ಆದ್ದರಿಂದ ಇಲ್ಲಿ 'ಗ್ರಾಹಿ' ಎಂದೇ ಇಟ್ಟುಕೊಳ್ಳೋಣ. ನೀವು ಕಾರ್ಯಕ್ರಮ ಕೇಳುವ ರೇಡಿಯೋ ಸೆಟ್ಟೂ ಒಂದು ಗ್ರಾಹಿಯೇ. ಗಾಳಿಯಲ್ಲಿ ನೂರು ಅಲೆ ಹರಿದಾಡುತ್ತಿದ್ದರೂ ಮುಳ್ಳು ಯಾವ ಸ್ಟೇಷನ್ನಿನ ಮೇಲಿದೆಯೋ ಅದು ಮಾತ್ರ ಮನೆಯೊಳಗೆ ಮಾತಾಗುತ್ತದೆ. ಜೀವಕೋಶದ ಸುತ್ತ ಹರಿಯುವ ರಕ್ತರಸದಲ್ಲಿ ಹಾರ್ಮೋನು, ಬೆಳವಣಿಗೆಯ ಅಂಶ, ಇನ್ಸುಲಿನ್ ಹೀಗೆ ನೂರಾರು ಸಂದೇಶಗಳು ತೇಲುತ್ತಿರುತ್ತವೆ. ಒಂದು ಗ್ರಾಹಿ ತನಗೆ ಹೊಂದುವ ಸಂದೇಶವನ್ನು ಮಾತ್ರ ಹಿಡಿಯುತ್ತದೆ. ಇಂಥ ಗ್ರಾಹಿಗಳಲ್ಲಿ ಬಹಳಷ್ಟು ಜೀವಕೋಶದ ಪೊರೆಯಲ್ಲಿ ಅಡ್ಡಲಾಗಿ ನೆಟ್ಟಿರುತ್ತವೆ. ತಲೆ ಹೊರಗೆ, ಬಾಲ ಒಳಗೆ. ಕೆಲವು ಮಾತ್ರ ಕೋಶದ ಒಳಗೇ ಕಾದು ಕೂತಿರುತ್ತವೆ. ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನಿನ ಗ್ರಾಹಿ ಈ ಎರಡನೆಯ ಜಾತಿಯದು. ಆ ಹಾರ್ಮೋನು ಕೊಬ್ಬಿನಲ್ಲಿ ಕರಗುವಂಥದ್ದು, ಪೊರೆಯನ್ನು ಸುಲಭವಾಗಿ ದಾಟಿ ಒಳಗೆ ಹೋಗುತ್ತದೆ, ಅದಕ್ಕೆ ಬಾಗಿಲು ಬೇಕಿಲ್ಲ.

ಹೊರಗಿನ ತಲೆ ಸಂದೇಶ ಹಿಡಿದ ಕೂಡಲೇ ಒಳಗಿನ ಬಾಲಕ್ಕೆ ಚುರುಕು ಬರುತ್ತದೆ. ಅನೇಕ ಗ್ರಾಹಿಗಳು ಈ ಹೊತ್ತಿನಲ್ಲಿ ಎರಡೆರಡು ಜೋಡಿಯಾಗುತ್ತವೆ, ಒಂದರ ಬಾಲದ ಮೇಲೆ ಇನ್ನೊಂದು ಫಾಸ್ಫೇಟ್ ಎಂಬ ಪುಟ್ಟ ಗುರುತನ್ನು ಅಂಟಿಸುತ್ತದೆ. ಹಾಗೆ ಅಂಟಿಸುವ ಕೆಲಸ ಮಾಡುವ ಪ್ರೋಟೀನುಗಳಿಗೆ ಕೈನೇಸ್ ಎನ್ನುತ್ತಾರೆ. ಆ ಗುರುತು ಕಂಡು ಒಳಗಿನ ಪ್ರೋಟೀನೊಂದು ಓಡಿಬರುತ್ತದೆ, ಅದು ಮುಂದಿನದನ್ನು ಎಬ್ಬಿಸುತ್ತದೆ, ಅದು ಅದರ ಮುಂದಿನದನ್ನು. ಹೆಚ್ಚು ಓದಿಕೊಂಡಿರುವ ಒಂದು ಸಾಲಿನ ಹೆಸರು ರಾಸ್, ರಾಫ್, ಮೆಕ್, ಎರ್ಕ್. ಕೊನೆಯದು ಕೋಶಕೇಂದ್ರದೊಳಗೆ ಹೋಗಿ "ಇಬ್ಭಾಗವಾಗು" ಎಂಬ ಅಪ್ಪಣೆ ತಲುಪಿಸುತ್ತದೆ. ಗಾಯ ಮಾಯುವುದು, ಕೂದಲು ಬೆಳೆಯುವುದು, ಕರುಳಿನ ಒಳಪದರ ದಿನದಿನ ಹೊಸದಾಗುವುದು ಎಲ್ಲಕ್ಕೂ ಇಂಥ ಸಾಲುಗಳೇ ಆಧಾರ. ಕೆಲಸ ಮುಗಿದ ಮೇಲೆ ಆ ಗುರುತುಗಳನ್ನು ಕಿತ್ತು ಹಾಕಿ ಎಲ್ಲವನ್ನೂ ಮೊದಲಿನಂತೆ ಮಾಡುವ ಪ್ರೋಟೀನುಗಳೂ ಇವೆ. ಸ್ವಿಚ್ಚು ಹಾಕಿದಷ್ಟೇ ಮುಖ್ಯ ಅದನ್ನು ಆರಿಸುವುದು. ಆರದ ಸ್ವಿಚ್ಚೇ ಕ್ಯಾನ್ಸರಿಗೆ ದಾರಿ.

ಇದು ತಿಳಿದ ಬಗೆ ಸ್ವಾರಸ್ಯವಾಗಿದೆ. ಅಮೆರಿಕದ ಸ್ಟ್ಯಾನ್ಲಿ ಕೋಹೆನ್ ಎಂಬ ವಿಜ್ಞಾನಿ ಇಲಿಯ ಜೊಲ್ಲುಗ್ರಂಥಿಯ ಸಾರವನ್ನು ಆಗತಾನೇ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿ ನೋಡುತ್ತಿದ್ದರು. ಅವರು ಹುಡುಕುತ್ತಿದ್ದುದು ನರಗಳ ಬೆಳವಣಿಗೆಯ ವಿಷಯ. ಆದರೆ ಎರಡು ವಾರಕ್ಕೆ ಕಣ್ಣು ಬಿಡಬೇಕಾದ ಮರಿಗಳು ಒಂದು ವಾರಕ್ಕೇ ಕಣ್ಣು ಬಿಟ್ಟವು, ಹಲ್ಲೂ ಬೇಗ ಬಂತು. ಬೇರೊಬ್ಬರಾಗಿದ್ದರೆ ಇದನ್ನು ಬದಿಗಿಟ್ಟು ತಮ್ಮ ಕೆಲಸ ನೋಡಿಕೊಳ್ಳುತ್ತಿದ್ದರೇನೋ. ಕೋಹೆನ್ ಬೆನ್ನು ಹತ್ತಿದರು. ಚರ್ಮದ ಹೊರಪದರದ ಕೋಶಗಳನ್ನು ಬೆಳೆಸುವ ಒಂದು ಪ್ರೋಟೀನು ಸಿಕ್ಕಿತು, ಮುಂದೆ ಅದನ್ನು ಹಿಡಿಯುವ ಗ್ರಾಹಿಯೂ ಸಿಕ್ಕಿತು. ಅದೇ ಇ.ಜಿ.ಎಫ್.ಆರ್. ಬಾಯಿಯ ಕ್ಯಾನ್ಸರಿನ ಮಾತು ಬಂದಾಗ ಈ ಹೆಸರನ್ನು ಮತ್ತೆ ಕೇಳುತ್ತೀರಿ. ಕೋಹೆನ್ ಮತ್ತು ಅವರ ಹಳೆಯ ಸಹೋದ್ಯೋಗಿ ರೀಟಾ ಲೆವಿ-ಮೊಂಟಾಲ್ಚಿನಿ ಅವರಿಗೆ 1986ರಲ್ಲಿ ನೊಬೆಲ್ ಬಂತು.

1979ರಲ್ಲಿ ಕ್ಯಾಲಿಫೋರ್ನಿಯಾದ ಟೋನಿ ಹಂಟರ್ ಫಾಸ್ಫೇಟ್ ಗುರುತು ಟೈರೋಸಿನ್ ಎಂಬ ಅಮೈನೋ ಆಮ್ಲದ ಮೇಲೂ ಅಂಟುತ್ತದೆ ಎಂದು ಕಂಡುಕೊಂಡರು. ಹೊಸ ದ್ರಾವಣ ಮಾಡಿಕೊಳ್ಳದೆ ಹಳೆಯದನ್ನೇ ಬಳಸಿದ್ದರಿಂದ ಅದರ ಆಮ್ಲತೆ ಕೊಂಚ ಹೆಚ್ಚಿತ್ತು, ಹಾಗಾಗಿಯೇ ಅದುವರೆಗೆ ಒಂದರ ಮೇಲೊಂದು ಬಿದ್ದು ಮರೆಯಾಗಿದ್ದ ಎರಡು ಚುಕ್ಕೆಗಳು ಬೇರೆಯಾಗಿ ಕಂಡವು. 1984ರಲ್ಲಿ ಲಂಡನ್ನಿನ ಮೈಕಲ್ ವಾಟರ್‌ಫೀಲ್ಡ್ ತಂಡ ಇ.ಜಿ.ಎಫ್.ಆರ್.ನ ರಚನೆಯನ್ನು ಓದುತ್ತಿದ್ದಾಗ, ಕೋಳಿಗಳಲ್ಲಿ ರಕ್ತದ ಕ್ಯಾನ್ಸರ್ ತರುವ ವೈರಸ್ಸೊಂದರ ಪ್ರೋಟೀನಿಗೂ ಇದಕ್ಕೂ ಹೋಲಿಕೆ ಕಂಡಿತು. ವೈರಸ್ಸಿನ ಪ್ರೋಟೀನಿನಲ್ಲಿ ಸಂದೇಶ ಹಿಡಿಯುವ ಹೊರಗಿನ ತಲೆಯೇ ಇಲ್ಲ, ಕೂಗುವ ಬಾಲ ಮಾತ್ರ ಉಳಿದಿದೆ. ಯಾರೂ ಹೇಳದಿದ್ದರೂ ಅದು ಬೆಳೆ, ಬೆಳೆ ಎನ್ನುತ್ತಲೇ ಇರುತ್ತದೆ. ಬೆಳವಣಿಗೆಗೆ ಬೇಕಾದ ನಮ್ಮದೇ ಪ್ರೋಟೀನು ಕೆಟ್ಟರೆ ಕ್ಯಾನ್ಸರ್ ಆಗಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿರಲಿಲ್ಲ.

ಈಗ ಪತ್ರದ ರಿಪೋರ್ಟಿಗೆ ಬರೋಣ. ಸ್ತನದ ಗೆಡ್ಡೆಯ ತುಣುಕನ್ನು ತೆಗೆದ ಮೇಲೆ ಪ್ಯಾಥಾಲಜಿ ವಿಭಾಗ ಮೂರು ಗ್ರಾಹಿಗಳನ್ನು ಹುಡುಕುತ್ತದೆ. ಇ.ಆರ್. ಎಂದರೆ ಈಸ್ಟ್ರೋಜೆನ್ ಗ್ರಾಹಿ, ಪಿ.ಆರ್. ಎಂದರೆ ಪ್ರೊಜೆಸ್ಟೆರಾನ್ ಗ್ರಾಹಿ, ಮೂರನೆಯದು ಹರ್2. ಮೊದಲೆರಡು ಇದ್ದರೆ ಗೆಡ್ಡೆ ಹಾರ್ಮೋನಿನ ಮಾತು ಕೇಳಿ ಬೆಳೆಯುತ್ತಿದೆ ಎಂದು ಅರ್ಥ. ಸ್ಕಾಟ್ಲೆಂಡಿನ ಜಾರ್ಜ್ ಬೀಟ್ಸನ್ ಎಂಬ ವೈದ್ಯ 1896ರಲ್ಲೇ ಅಂಡಾಶಯ ತೆಗೆದರೆ ಕೆಲವು ರೋಗಿಗಳ ಸ್ತನದ ಗೆಡ್ಡೆ ಕುಗ್ಗುತ್ತದೆ ಎಂದು ತೋರಿಸಿದ್ದರು. ಎಲ್ಲರಿಗೂ ಏಕೆ ಕುಗ್ಗುವುದಿಲ್ಲ ಎಂಬುದು ಗೊತ್ತಾಗಲು ಅರವತ್ತು ವರ್ಷ ಹಿಡಿಯಿತು. 1950ರ ದಶಕದ ಕೊನೆಗೆ ಚಿಕಾಗೋದಲ್ಲಿ ಎಲ್ವುಡ್ ಜೆನ್ಸನ್ ಈಸ್ಟ್ರೋಜೆನ್ ಗ್ರಾಹಿಯ ಗುಟ್ಟನ್ನು ಬಿಡಿಸತೊಡಗಿದರು. ಟಮಾಕ್ಸಿಫೆನ್ ಮಾತ್ರೆ ಆ ಗ್ರಾಹಿಯ ಜಾಗದಲ್ಲಿ ತಾನೇ ಹೋಗಿ ಕೂತು ಹಾರ್ಮೋನಿಗೆ ಸ್ಥಳವಿಲ್ಲದಂತೆ ಮಾಡುತ್ತದೆ. ಮುಟ್ಟು ನಿಂತವರಿಗೆ ಹೆಚ್ಚಾಗಿ ಕೊಡುವ ಲೆಟ್ರೋಜೋಲ್, ಅನಾಸ್ಟ್ರೋಜೋಲ್ ಮಾತ್ರೆಗಳು ಹಾರ್ಮೋನು ತಯಾರಾಗುವುದನ್ನೇ ತಡೆಯುತ್ತವೆ. ಪಕ್ಕದ ಮನೆಯವರಿಗೆ ಬರೆದಿರುವುದು ಇಂಥದ್ದೇ ಮಾತ್ರೆ ಇರಬೇಕು. ಅವರ ಗೆಡ್ಡೆಯಲ್ಲಿ ಆ ಗ್ರಾಹಿ ಇದ್ದಿರಬೇಕು. ಇಲ್ಲದವರಿಗೆ ಅದರಿಂದ ಪ್ರಯೋಜನವಿಲ್ಲ, ಬಿಸಿಬೆವರು, ಕೀಲುನೋವಿನಂಥ ತೊಂದರೆ ಮಾತ್ರ ಉಳಿಯುತ್ತದೆ. ಇದ್ದವರು ಮಾತ್ರ "ಈಗ ಆರಾಮಾಗಿದ್ದೇನಲ್ಲ" ಎಂದು ಎರಡು ವರ್ಷಕ್ಕೆ ಮಾತ್ರೆ ಬಿಟ್ಟರೆ ದೊಡ್ಡ ಅಪಾಯ. ಗುಪ್ತವಾಗಿ ಉಳಿದಿರುವ ನಾಲ್ಕಾರು ಕೋಶಗಳಿಗೆ ಹಾರ್ಮೋನು ಮತ್ತೆ ಕೇಳಿಸತೊಡಗುತ್ತದೆ.

ಹರ್2 ಎಂಬುದು ಇ.ಜಿ.ಎಫ್.ಆರ್.ನ ದಾಯಾದಿ. ಇದಕ್ಕೆ ತನ್ನದೇ ಆದ ಸಂದೇಶವಾಹಕ ಯಾವುದೂ ಕಂಡುಬಂದಿಲ್ಲ, ಅಕ್ಕಪಕ್ಕದ ಗ್ರಾಹಿಗಳ ಜೊತೆ ಜೋಡಿಯಾಗಲು ಸದಾ ಕೈಚಾಚಿ ನಿಂತಿರುತ್ತದೆ. ಮಾಮೂಲು ಕೋಶದಲ್ಲಿ ಹರ್2 ಜೀನಿಗೆ ಎರಡೇ ಪ್ರತಿ. ಕೆಲವು ಗೆಡ್ಡೆಗಳಲ್ಲಿ ಆ ಜೀನಿನ ಪ್ರತಿಗಳು ಹತ್ತಾರು ಆಗಿ, ಕೋಶದ ಮೇಲೆ ಗ್ರಾಹಿಗಳು ಲಕ್ಷಗಟ್ಟಲೆ ಏಳುತ್ತವೆ. ಸಂದೇಶ ಬರುವ ಮೊದಲೇ ಒಂದಕ್ಕೊಂದು ತಗುಲಿ ಜೋಡಿಯಾಗಿ ಕೂಗತೊಡಗುತ್ತವೆ. 1987ರಲ್ಲಿ ಲಾಸ್ ಏಂಜಲೀಸಿನ ಡೆನ್ನಿಸ್ ಸ್ಲೇಮನ್ ತಂಡ 189 ಗೆಡ್ಡೆಗಳನ್ನು ನೋಡಿ, ಈ ಜೀನು ಹೆಚ್ಚಿರುವವರಲ್ಲಿ ಕಾಯಿಲೆ ಬೇಗ ಮರುಕಳಿಸುತ್ತದೆ ಎಂದು ಹೇಳಿತು. ಹನ್ನೊಂದು ವರ್ಷದ ಮೇಲೆ, 1998ರಲ್ಲಿ, ಹರ್2 ತಲೆಗೆ ಅಂಟಿಕೊಳ್ಳುವ ಟ್ರಾಸ್ಟುಜುಮ್ಯಾಬ್ ಎಂಬ ಆಂಟಿಬಾಡಿ ಔಷಧಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದುವರೆಗೆ ಅತಿ ಕೆಟ್ಟದ್ದೆಂದು ಎಣಿಸಿದ್ದ ಈ ಜಾತಿಯ ಸ್ತನ ಕ್ಯಾನ್ಸರಿನ ಹಣೆಬರಹವೇ ಬದಲಾಯಿತು. ಮೂರು ವಾರಕ್ಕೊಮ್ಮೆ, ಸಾಮಾನ್ಯವಾಗಿ ಒಂದು ವರ್ಷ ಕೊಡುತ್ತಾರೆ. ಹೃದಯದ ಸ್ನಾಯುಗಳಿಗೂ ಹರ್2 ಬೇಕಾದ್ದರಿಂದ ಮಧ್ಯೆ ಮಧ್ಯೆ ಎಕೋ ಪರೀಕ್ಷೆ ಮಾಡಿಸುತ್ತಾರೆ. ಅದನ್ನು ತಪ್ಪಿಸಬಾರದು.

ಹಾಗಾದರೆ 2+ ಎಂದರೇನು? ತುಣುಕಿನ ಮೇಲೆ ಬಣ್ಣ ಕಟ್ಟಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಗೆ ಐ.ಎಚ್.ಸಿ. ಎನ್ನುತ್ತಾರೆ. ಬಣ್ಣ ಗಾಢವಾಗಿ ಕೋಶದ ಸುತ್ತ ಕಟ್ಟಿದರೆ 3+, ಅಂದರೆ ಹರ್2 ಖಂಡಿತ ಹೆಚ್ಚಿದೆ. ಸೊನ್ನೆ ಅಥವಾ 1+ ಬಂದರೆ ಹೆಚ್ಚಿಲ್ಲ. 2+ ಎಂದರೆ ಕಣ್ಣಿಗೆ ಅನುಮಾನ, ಹೌದೆನ್ನಲೂ ಆಗದು, ಇಲ್ಲವೆನ್ನಲೂ ಆಗದು. ಆಗ ಕೋಶಕೇಂದ್ರದೊಳಗಿನ ಜೀನಿನ ಪ್ರತಿಗಳನ್ನೇ ಹೊಳೆಯುವ ಚುಕ್ಕೆಗಳಾಗಿ ಎಣಿಸುವ ಪರೀಕ್ಷೆ ಮಾಡುತ್ತಾರೆ. ಅದಕ್ಕೆ ಫಿಶ್ ಎಂದು ಹೆಸರು, ಮೀನಿಗೂ ಇದಕ್ಕೂ ಸಂಬಂಧವಿಲ್ಲ. ಚುಕ್ಕೆ ಹೆಚ್ಚಿದ್ದರೆ ಇಂಜೆಕ್ಷನ್ ಬೇಕು. ಇಲ್ಲದಿದ್ದರೆ ಆ ದುಬಾರಿ ಇಂಜೆಕ್ಷನ್ನಿನ ಒಂದು ವರ್ಷದ ಖರ್ಚೂ ಹೃದಯಕ್ಕೆ ಆಗಬಹುದಾದ ತೊಂದರೆಯೂ ಉಳಿಯಿತು. ಭಾಂಡುಪ್‌ನ ಆ ಮನೆಯವರು ಫಿಶ್ ಪರೀಕ್ಷೆಯನ್ನು ಬಿಡದೆ ಮಾಡಿಸಲಿ ಎಂದೇ ನಮ್ಮ ಸಲಹೆ. ಹಣ ಉಳಿಸುವ ಪರೀಕ್ಷೆಗಳು ಕಡಿಮೆ, ಇದು ಅವುಗಳಲ್ಲೊಂದು. ಇತ್ತೀಚೆಗೆ ಇನ್ನೊಂದು ಬದಲಾವಣೆಯೂ ಆಗಿದೆ. ಕಾಯಿಲೆ ಬೇರೆಡೆ ಹರಡಿದವರಲ್ಲಿ ಹರ್2 ಕಡಿಮೆ, ಅಂದರೆ 1+ ಅಥವಾ ಫಿಶ್ ಇಲ್ಲವೆಂದ 2+ ಇದ್ದರೂ ಕೆಲಸ ಮಾಡುವ ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟೆಕಾನ್ ಎಂಬ ಔಷಧಿಗೆ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆಂಟಿಬಾಡಿಯ ಬೆನ್ನ ಮೇಲೆ ಕೀಮೋ ಔಷಧಿಯನ್ನು ಹೊರಿಸಿ ಕಳಿಸುವ ಉಪಾಯ ಅದು. ಆದ್ದರಿಂದ ಹಳೆಯ ರಿಪೋರ್ಟಿನ ಆ ಅಂಕಿಯನ್ನು ಎಸೆಯಬೇಡಿ.

ರಿಪೋರ್ಟಿಗಿಂತ ಮುಖ್ಯವಾದ ವಸ್ತುವೊಂದಿದೆ, ಅದನ್ನು ಬಹಳ ಮಂದಿ ಕೇಳಿ ತೆಗೆದುಕೊಳ್ಳುವುದೇ ಇಲ್ಲ. ಅದು ಮೇಣದಲ್ಲಿ ಕೂರಿಸಿದ ಗೆಡ್ಡೆಯ ತುಣುಕು. ಲ್ಯಾಬಿನವರು ಅದಕ್ಕೆ 'ಬ್ಲಾಕ್' ಎನ್ನುತ್ತಾರೆ. ಊರಲ್ಲಿ, ಮಂಗಳೂರಲ್ಲೋ ಹುಬ್ಬಳ್ಳಿಯಲ್ಲೋ ಬಯಾಪ್ಸಿ ಮಾಡಿಸಿ ಮುಂಬಯಿಗೆ ಬರುವವರು ಬ್ಲಾಕನ್ನೂ ಸ್ಲೈಡುಗಳನ್ನೂ ಕೇಳಿ ತನ್ನಿ. ಇಲ್ಲಿ ಮತ್ತೆ ಚುಚ್ಚದೆ ಅದರಿಂದಲೇ ಗ್ರಾಹಿಗಳನ್ನು ಪರೀಕ್ಷಿಸಬಹುದು. ಸಣ್ಣ ನರ್ಸಿಂಗ್ ಹೋಮಿನಲ್ಲಿ ಗಂಟು ತೆಗೆಸುವವರು ಒಂದು ಮಾತು ಕೇಳಿಕೊಳ್ಳಬೇಕು. ತೆಗೆದ ತುಣುಕನ್ನು ಒಂದು ಗಂಟೆಯೊಳಗೆ ಫಾರ್ಮಲಿನ್ ದ್ರಾವಣಕ್ಕೆ ಹಾಕಬೇಕು. ಅದು ದ್ರಾವಣದಲ್ಲಿ ಆರು ಗಂಟೆಗಿಂತ ಕಡಿಮೆ ಇರಬಾರದು, ಎಪ್ಪತ್ತೆರಡು ಗಂಟೆ ಮೀರಲೂಬಾರದು. ಹೊರಗೆ ಒಣಗಿದ ತುಣುಕಿನಲ್ಲಿ ಗ್ರಾಹಿ ಇದ್ದರೂ ಬಣ್ಣ ಕಟ್ಟುವುದಿಲ್ಲ, ರಿಪೋರ್ಟು 'ಇಲ್ಲ' ಎನ್ನುತ್ತದೆ. ಆ ಒಂದು ಪದದಿಂದ ಒಬ್ಬ ಹೆಂಗಸಿಗೆ ಐದು ವರ್ಷದ ಮಾತ್ರೆ ತಪ್ಪಿಹೋಗಬಹುದು.

ಸ್ತನ ಕ್ಯಾನ್ಸರಿನ ಮಾತಾಯಿತು. ನಮ್ಮ ಗಂಡಸರ ದೊಡ್ಡ ಪಿಡುಗು ಬಾಯಿಯ ಕ್ಯಾನ್ಸರು, ತಂಬಾಕು ಗುಟ್ಕಾಗಳ ಪ್ರಸಾದ. ಬಾಯಿ ಗಂಟಲಿನ ಗೆಡ್ಡೆಗಳಲ್ಲಿ ಬಹುಪಾಲಿನವುಗಳ ಮೇಲೆ ಇ.ಜಿ.ಎಫ್.ಆರ್. ಗ್ರಾಹಿ ಅತಿಯಾಗಿರುತ್ತದೆ. ಇದನ್ನು ತಡೆಯುವ ಔಷಧಿಯೊಂದರ ಕಥೆಯಲ್ಲಿ ಕರ್ನಾಟಕವೂ ಮುಂಬಯಿಯೂ ಸೇರಿವೆ. ಕ್ಯೂಬಾದ ವಿಜ್ಞಾನಿಗಳು ರೂಪಿಸಿದ ನಿಮೊಟುಜುಮ್ಯಾಬ್ ಎಂಬ ಆಂಟಿಬಾಡಿಯನ್ನು ಬೆಂಗಳೂರಿನ ಬಯೋಕಾನ್ 2006ರಲ್ಲಿ ಭಾರತದ ಮಾರುಕಟ್ಟೆಗೆ ತಂದಿತು. ಮಾರುಕಟ್ಟೆಗೆ ಬಂದ ಮಾತ್ರಕ್ಕೆ ಉಪಯೋಗ ಎಷ್ಟು ಎಂದು ಖಚಿತವಾಗುವುದಿಲ್ಲ. ಅದಕ್ಕೆ ದೊಡ್ಡ ಪರೀಕ್ಷೆ ಬೇಕು, ಅದು ನಡೆದದ್ದು ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ. 536 ರೋಗಿಗಳನ್ನು ಎರಡು ಸಮಭಾಗ ಮಾಡಿ, ಎಲ್ಲರಿಗೂ ಕೀಮೋ ಮತ್ತು ರೇಡಿಯೇಷನ್ (ನಮ್ಮವರು 'ಕರೆಂಟು ಕೊಡುವುದು' ಎನ್ನುತ್ತಾರಲ್ಲ, ಅದು) ಕೊಟ್ಟರು, ಅರ್ಧ ಜನರಿಗೆ ಜೊತೆಗೆ ನಿಮೊಟುಜುಮ್ಯಾಬ್ ಸೇರಿಸಿದರು. 2019ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಎರಡು ವರ್ಷದ ಬಳಿಕ ಕಾಯಿಲೆ ಮುಂದುವರಿಯದೆ ಇದ್ದವರು ಸೇರಿಸಿದ ಗುಂಪಿನಲ್ಲಿ ಶೇ. 61.8, ಸೇರಿಸದ ಗುಂಪಿನಲ್ಲಿ ಶೇ. 50.1. ಆಯುಷ್ಯದ ಲೆಕ್ಕದಲ್ಲಿ ಮಾತ್ರ ವ್ಯತ್ಯಾಸ ಅಷ್ಟು ಖಚಿತವಾಗಿ ಕಾಣಲಿಲ್ಲ. ಪವಾಡವೇನಲ್ಲ, ಆದರೆ ಪ್ರಾಮಾಣಿಕವಾದ ಲೆಕ್ಕ. ಜಾಹೀರಾತಿನ ಮಾತಿಗಿಂತ ಇಂಥ ಲೆಕ್ಕದ ಮೇಲೆ ನನಗೆ ಹೆಚ್ಚು ನಂಬಿಕೆ.

ಅದೇ ಆಸ್ಪತ್ರೆಯಲ್ಲಿ ಬಡವರನ್ನು ಮನಸ್ಸಿನಲ್ಲಿಟ್ಟುಕೊಂಡು ಇನ್ನೊಂದು ಕೆಲಸ ನಡೆದಿದೆ. ವಾಸಿಮಾಡಲಾಗದ ಹಂತ ತಲುಪಿದ ಬಾಯಿ, ಗಂಟಲಿನ ಕ್ಯಾನ್ಸರಿಗೆ ಮೆಥೊಟ್ರೆಕ್ಸೇಟ್, ಸೆಲೆಕಾಕ್ಸಿಬ್, ಎರ್ಲೊಟಿನಿಬ್ ಎಂಬ ಮೂರು ಅಗ್ಗದ ಔಷಧಿಗಳನ್ನು ಕಡಿಮೆ ಪ್ರಮಾಣದಲ್ಲಿ ಬಿಡದೆ ಕೊಡುವ ಕ್ರಮ ಅಲ್ಲಿದೆ. ಇವುಗಳಲ್ಲಿ ಎರ್ಲೊಟಿನಿಬ್ ಮಾತ್ರೆ ಇ.ಜಿ.ಎಫ್.ಆರ್.ನ ಒಳಗಿನ ಬಾಲವನ್ನು ಕಟ್ಟಿಹಾಕುತ್ತದೆ. ಈ ಮಾತ್ರೆ ತಿನ್ನುವವರ ಮುಖದ ಮೇಲೆ ಮೊಡವೆಯಂಥ ಗುಳ್ಳೆ ಏಳುವುದನ್ನು ನೋಡಿ ಮನೆಯವರು ಗಾಬರಿಯಾಗುತ್ತಾರೆ. ಅಲರ್ಜಿಯಲ್ಲ ಅದು. ಚರ್ಮಕ್ಕೂ ಇದೇ ಗ್ರಾಹಿ ಬೇಕು, ಇಲಿಮರಿಗಳ ಕಥೆ ನೆನಪಿಸಿಕೊಳ್ಳಿ. ಡಾಕ್ಟರಿಗೆ ತೋರಿಸಬೇಕು, ಆದರೆ ನೀವೇ ಮಾತ್ರೆ ನಿಲ್ಲಿಸಬಾರದು. ಈ ಮೂರರ ಜೊತೆ ನಿವೊಲುಮ್ಯಾಬ್ ಎಂಬ ಬಹು ದುಬಾರಿ ಇಂಜೆಕ್ಷನ್ನನ್ನು ಮಾಮೂಲಿಗಿಂತ ತೀರ ಕಡಿಮೆ ಪ್ರಮಾಣದಲ್ಲಿ, ಮೂರು ವಾರಕ್ಕೆ 20 ಮಿಲಿಗ್ರಾಂ ಮಾತ್ರ, ಸೇರಿಸಿ ನೋಡಿದರು. 151 ರೋಗಿಗಳ ಆ ಅಧ್ಯಯನದಲ್ಲಿ ಒಂದು ವರ್ಷ ಬದುಕಿದ್ದವರ ಪ್ರಮಾಣ ಶೇ. 16.3ರಿಂದ ಶೇ. 43.4ಕ್ಕೆ ಏರಿತು. ವಿಜಯ್ ಪಾಟೀಲ್, ಕುಮಾರ್ ಪ್ರಭಾಷ್ ಮತ್ತು ಸಂಗಡಿಗರ ಈ ಕೆಲಸವನ್ನು ಹೊರದೇಶದವರೂ ಗಮನವಿಟ್ಟು ಓದಿದರು. ನಿವೊಲುಮ್ಯಾಬ್ ತಡೆಯುವುದೂ ಒಂದು ಗ್ರಾಹಿಯನ್ನೇ, ಆದರೆ ಅದು ಗೆಡ್ಡೆಯ ಮೇಲಿನದ್ದಲ್ಲ. ನಮ್ಮ ರಕ್ಷಣಾ ಕೋಶಗಳ ಮೇಲಿರುವ ಪಿ.ಡಿ.1 ಎಂಬ ಬ್ರೇಕು. ಬ್ರೇಕು ಬಿಟ್ಟರೆ ಆ ಕೋಶಗಳು ಗೆಡ್ಡೆಯ ಮೇಲೆ ಬೀಳುತ್ತವೆ.

ಗ್ರಾಹಿ ಇದ್ದೂ ಔಷಧಿ ನಾಟದ ಸಂದರ್ಭವೂ ಉಂಟು. ಭಾಂಡುಪ್‌ನವರಿಗೆ ಇದನ್ನು ಹೇಳುವುದು ಸುಲಭ. ಮಹಾನಗರಪಾಲಿಕೆಯ ಭಾಂಡುಪ್ ಕಾಂಪ್ಲೆಕ್ಸಿನಿಂದ ಶುದ್ಧವಾದ ನೀರು ಊರಿಗೆಲ್ಲ ಹೋಗುತ್ತದೆ. ವಾಲ್ವ್ ಕೆಟ್ಟು ನೀರು ನಿಲ್ಲದಿದ್ದರೆ ವಾಲ್ವ್ ಮುಚ್ಚಿದರೆ ಸರಿಹೋಯಿತು. ಗ್ರಾಹಿಯನ್ನು ತಡೆಯುವ ಔಷಧಿ ಮಾಡುವುದು ಅಷ್ಟನ್ನೇ. ಆದರೆ ವಾಲ್ವಿನ ಕೆಳಗೆ ಬೇರೊಂದು ಕೊಳವೆಯಿಂದ ಕಳ್ಳ ಜೋಡಣೆ ಆಗಿದ್ದರೆ? ಮೇಲಿನ ವಾಲ್ವನ್ನು ಎಷ್ಟು ಬಿಗಿದರೂ ಗಲ್ಲಿಯಲ್ಲಿ ನೀರು ಹರಿಯುತ್ತಲೇ ಇರುತ್ತದೆ. ಸಾಲಿನಲ್ಲಿ ಗ್ರಾಹಿಯ ಕೆಳಗಿರುವ ರಾಸ್ ಪ್ರೋಟೀನು ಕೆಡುವುದು ಹೀಗೆ. 1982ರಲ್ಲಿ ಮನುಷ್ಯನ ಮೂತ್ರಕೋಶದ ಕ್ಯಾನ್ಸರಿನಲ್ಲಿ ರಾಸ್ ಜೀನಿನ ಒಂದೇ ಒಂದು ಅಕ್ಷರ ಬದಲಾಗಿರುವುದು ಗೊತ್ತಾಯಿತು. ಅಷ್ಟಕ್ಕೇ ಆ ಸ್ವಿಚ್ಚು ಆರುವುದನ್ನು ಮರೆತಿತ್ತು. ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ರಾಸ್ ಕೆಟ್ಟವರಿಗೆ ಇ.ಜಿ.ಎಫ್.ಆರ್. ತಡೆಯುವ ಇಂಜೆಕ್ಷನ್ ಕೊಟ್ಟು ಲಾಭವಿಲ್ಲ ಎಂದು 2008ರ ಹೊತ್ತಿಗೆ ಖಚಿತವಾಯಿತು. ಅದಕ್ಕೇ ಈಗ ಕರುಳಿನ ಕ್ಯಾನ್ಸರಿನವರಿಗೆ ರಾಸ್ ಪರೀಕ್ಷೆ ಮೊದಲು, ಇಂಜೆಕ್ಷನ್ ಆಮೇಲೆ. ಮೂವತ್ತೊಂಬತ್ತು ವರ್ಷ ಯಾರ ಕೈಗೂ ಸಿಗದ ರಾಸ್‌ನ ಒಂದು ಬಗೆಯ ಕೆಡುಕಿಗೆ 2021ರಲ್ಲಿ ಸೊಟೊರಾಸಿಬ್ ಎಂಬ ಮಾತ್ರೆ ಬಂತು.

ಶ್ವಾಸಕೋಶದ ಕ್ಯಾನ್ಸರಿನಲ್ಲಿ ಇ.ಜಿ.ಎಫ್.ಆರ್. ಕೆಡುವ ಬಗೆ ಬೇರೆ. ಅಲ್ಲಿ ಗ್ರಾಹಿಯ ಬಾಲದಲ್ಲೇ ಬದಲಾವಣೆಯಾಗಿ ಅದು ಸದಾ ಎದ್ದಿರುತ್ತದೆ. ಇದು ಭಾರತೀಯರಲ್ಲಿ ಎಷ್ಟು ಮಂದಿಗೆ ಎಂದು ನೋಡಲು ಟಾಟಾ ಮೆಮೋರಿಯಲ್‌ನವರು 907 ರೋಗಿಗಳ ಮಾದರಿ ಪರೀಕ್ಷಿಸಿ 2013ರಲ್ಲಿ ವರದಿ ಪ್ರಕಟಿಸಿದರು. ಅಡಿನೊಕಾರ್ಸಿನೋಮಾ ಎಂಬ ಬಗೆಯವರಲ್ಲಿ ಶೇ. 23 ಮಂದಿಗೆ ಈ ಬದಲಾವಣೆ ಇತ್ತು. ಅಂದರೆ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಮಾತ್ರೆಯಿಂದಲೇ ಚಿಕಿತ್ಸೆ ಶುರುಮಾಡಬಹುದು, ಉಳಿದ ಮೂವರಿಗೆ ಅದೇ ಮಾತ್ರೆ ಕೊಟ್ಟರೆ ಕಾಲಹರಣ.

ಇಷ್ಟೆಲ್ಲ ಹೇಳಿ ಬೆಲೆಯ ಮಾತು ಬಿಟ್ಟರೆ ಅನ್ಯಾಯ. ಮೈಲಾಯ್ಡ್ ಜಾತಿಯ ದೀರ್ಘಕಾಲದ ರಕ್ತ ಕ್ಯಾನ್ಸರಿಗೆ ಇಮಾಟಿನಿಬ್ ಮಾತ್ರೆ 2001ರಲ್ಲಿ ಬಂದಾಗ ಸದಾ ಹೊತ್ತಿರುವ ಒಂದು ಕೈನೇಸನ್ನು ಆರಿಸಿ ರೋಗವನ್ನೇ ಹಿಡಿತಕ್ಕೆ ತಂದಿತು. ಆದರೆ ವಿದೇಶಿ ಕಂಪನಿಯ ಮಾತ್ರೆಗೆ ತಿಂಗಳಿಗೆ ಲಕ್ಷಕ್ಕೂ ಮೀರಿ ಬೆಲೆ, ಭಾರತೀಯ ಕಂಪನಿಗಳದ್ದು ಅದರ ಹತ್ತರಲ್ಲೊಂದು ಪಾಲಿನಷ್ಟು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟು ನೊವಾರ್ಟಿಸ್ ಕಂಪನಿಯ ಪೇಟೆಂಟ್ ಅರ್ಜಿಯನ್ನು ತಳ್ಳಿಹಾಕಿದ್ದರಿಂದ ಅಗ್ಗದ ಮಾತ್ರೆ ಉಳಿಯಿತು. ಟ್ರಾಸ್ಟುಜುಮ್ಯಾಬ್‌ಗೂ 2014ರಲ್ಲಿ ಬಯೋಕಾನ್ ತನ್ನದೇ ತಯಾರಿಕೆಯನ್ನು ತಂದಿತು, ಆಮೇಲೆ ಬೇರೆಯವರೂ ಬಂದರು, ಸರಕಾರದ ಅಗತ್ಯ ಔಷಧಿಗಳ ಪಟ್ಟಿಗೆ 2015ರಲ್ಲಿ ಅದು ಸೇರಿತು. 2024ರ ಜುಲೈ ಬಜೆಟ್ಟಿನಲ್ಲಿ ಮೂರು ಕ್ಯಾನ್ಸರ್ ಔಷಧಿಗಳ ಮೇಲಿನ ಕಸ್ಟಮ್ಸ್ ಸುಂಕ ತೆಗೆದರು. ಅವುಗಳಲ್ಲಿ ಒಂದು ಹರ್2ಗೆ, ಇನ್ನೊಂದು ಇ.ಜಿ.ಎಫ್.ಆರ್.ಗೆ ಸಂಬಂಧಿಸಿದ್ದು. ಖರ್ಚು ಕೈಮೀರುವವರು ಮಹಾತ್ಮಾ ಜ್ಯೋತಿಬಾ ಫುಲೆ ಜನ ಆರೋಗ್ಯ ಯೋಜನೆಯ ಬಗ್ಗೆ ಆಸ್ಪತ್ರೆಯ ಸಮಾಜಸೇವಾ ವಿಭಾಗದಲ್ಲಿ ಮೊದಲೇ ವಿಚಾರಿಸಿ, ಸಾಲ ಮಾಡಿದ ಮೇಲಲ್ಲ.

ಇಂಥ ಪ್ರೋಟೀನುಗಳನ್ನು ಓದುವ ಲ್ಯಾಬುಗಳು ನಮ್ಮಿಂದ ದೂರವೇನಿಲ್ಲ. ಠಾಣೆಯಲ್ಲಿ ಗಾಡಿ ಬದಲಿಸಿ ಪನ್ವೇಲ್ ಲೋಕಲ್ ಹಿಡಿದರೆ ಖಾರ್ಘರ್. ಅಲ್ಲಿನ ಬೆಟ್ಟದ ಬುಡದ ಆಕ್ಟ್ರೆಕ್ ಟಾಟಾ ಮೆಮೋರಿಯಲ್ ಸೆಂಟರಿನ ಸಂಶೋಧನಾ ಶಾಖೆ. ಪರೇಲಿನಲ್ಲಿ 1952ರಲ್ಲಿ ವಿ. ಆರ್. ಖಾನೋಲ್ಕರ್ ಅವರ ಮುಂದಾಳುತನದಲ್ಲಿ ಶುರುವಾದ ಇಂಡಿಯನ್ ಕ್ಯಾನ್ಸರ್ ರಿಸರ್ಚ್ ಸೆಂಟರ್ ಇದರ ಹಿರಿಯಜ್ಜ. ಅಲ್ಲಿ ಕಮಲ್ ರಣದಿವೆ ಎಂಬ ವಿಜ್ಞಾನಿ ಜೀವಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸುವ ಲ್ಯಾಬನ್ನು ಕಟ್ಟಿದರು. ಹಾರ್ಮೋನಿಗೂ ಸ್ತನ ಕ್ಯಾನ್ಸರಿಗೂ ಇರುವ ನಂಟನ್ನು ಆ ಕಾಲಕ್ಕೇ ಹುಡುಕಿದವರು ಅವರು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನಲ್ಲಿ ಸಂಧ್ಯಾ ವಿಶ್ವೇಶ್ವರಯ್ಯ ಅವರ ತಂಡ ಕರುಳಿನ ಒಂದು ಗ್ರಾಹಿಯನ್ನು ದಶಕಗಳಿಂದ ಓದುತ್ತ ಬಂದಿದೆ. ಭೇದಿ ತರುವ ಬ್ಯಾಕ್ಟೀರಿಯಾದ ವಿಷ ಹಿಡಿಯುವುದು ಇದೇ ಗ್ರಾಹಿಯನ್ನು. ಕುತೂಹಲವೆಂದರೆ ಇದರ ಸಂಕೇತ 'ಬೆಳೆ' ಎನ್ನುವುದಿಲ್ಲ, 'ಸಾಕು, ನಿಲ್ಲು' ಎನ್ನುತ್ತದೆ.

ಇನ್ನು ಭಾಂಡುಪ್‌ಗೆ ತೀರ ಹತ್ತಿರದ್ದು, ರಿಕ್ಷಾದಲ್ಲಿ ಹೋಗಬಹುದಾದ ಪೊವಾಯಿಯ ಐ.ಐ.ಟಿ. ಅಲ್ಲಿ ರಾಹುಲ್ ಪುರ್ವಾರ್ ತಂಡ ಪ್ರಕೃತಿಯಲ್ಲಿ ಇಲ್ಲದ ಗ್ರಾಹಿಯೊಂದನ್ನು ಕಟ್ಟಿದೆ. ರೋಗಿಯ ರಕ್ತದಿಂದ ಟಿ ಕೋಶಗಳನ್ನು ತೆಗೆದು, ಲ್ಯಾಬಿನಲ್ಲಿ ಅವುಗಳಿಗೆ ಹೊಸ ಜೀನು ಸೇರಿಸುತ್ತಾರೆ. ಆಗ ಅವುಗಳ ಮೇಲೆ ಹೊಲಿದು ಜೋಡಿಸಿದಂಥ ಗ್ರಾಹಿ ಏಳುತ್ತದೆ. ಅದರ ತಲೆ ಕ್ಯಾನ್ಸರ್ ಕೋಶದ ಮೇಲಿನ ಸಿ.ಡಿ.19 ಎಂಬ ಗುರುತನ್ನು ಹಿಡಿಯುತ್ತದೆ, ಬಾಲ ಟಿ ಕೋಶಕ್ಕೆ 'ಹೊಡೆ' ಎಂಬ ಸಂಕೇತ ಕೊಡುತ್ತದೆ. ಇದಕ್ಕೆ ಕಾರ್-ಟಿ ಚಿಕಿತ್ಸೆ ಎನ್ನುತ್ತಾರೆ. ಟಾಟಾ ಮೆಮೋರಿಯಲ್ ಜೊತೆಗೂಡಿ ಮಾಡಿದ ನೆಕ್ಸ್‌ಕಾರ್19ಗೆ 2023ರ ಅಕ್ಟೋಬರಿನಲ್ಲಿ ಸರಕಾರದ ಒಪ್ಪಿಗೆ ಸಿಕ್ಕಿತು. 2024ರ ಏಪ್ರಿಲ್ 4ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಪೊವಾಯಿಗೆ ಬಂದು ಅದನ್ನು ಲೋಕಾರ್ಪಣೆ ಮಾಡಿದರು. ಬೇರೆ ಚಿಕಿತ್ಸೆಗೆ ಬಗ್ಗದ ರಕ್ತ ಕ್ಯಾನ್ಸರಿನ 64 ರೋಗಿಗಳ ಮೇಲಿನ ಅಧ್ಯಯನ 2025ರಲ್ಲಿ ಪ್ರಕಟವಾಯಿತು, ಶೇ. 73 ಮಂದಿಯಲ್ಲಿ ಗುಣ ಕಂಡಿತ್ತು. ಬೆಲೆ ಅಮೆರಿಕದ ಹತ್ತರಲ್ಲೊಂದು ಎಂದರೂ ಲಕ್ಷಗಳಲ್ಲೇ ಇದೆ.

ಸದ್ಯಕ್ಕೆ ಇದು ಬಿ ಕೋಶಗಳ ಲ್ಯುಕೇಮಿಯಾ ಮತ್ತು ಲಿಂಫೋಮಾಗಳಿಗೆ ಮಾತ್ರ. ಸ್ತನದ, ಬಾಯಿಯ ಗಟ್ಟಿ ಗೆಡ್ಡೆಗಳಿಗೆ ಏಕಿಲ್ಲ ಎಂದು ಕೇಳುವವರಿದ್ದಾರೆ. ಸಿ.ಡಿ.19 ಇರುವ ಒಳ್ಳೆಯ ಬಿ ಕೋಶಗಳು ನಾಶವಾದರೂ ಮನುಷ್ಯ ಬದುಕಬಲ್ಲ. ಹರ್2 ಹೃದಯದಲ್ಲಿದೆ, ಇ.ಜಿ.ಎಫ್.ಆರ್. ಚರ್ಮದಲ್ಲಿದೆ. ಅವನ್ನು ಹಿಡಿಯಲು ಹೊರಟ ಟಿ ಕೋಶ ಗೆಡ್ಡೆ ಯಾವುದು, ಮೈ ಯಾವುದು ಎಂದು ಗುರುತಿಸುವುದಿಲ್ಲ. ಎರಡು ಗುರುತು ಒಟ್ಟಿಗೆ ಕಂಡರೆ ಮಾತ್ರ ಎಚ್ಚರಾಗುವ ಗ್ರಾಹಿಯನ್ನು ಕಟ್ಟಲು ಹಲವು ದೇಶಗಳ ಲ್ಯಾಬುಗಳಲ್ಲಿ ಈಗ ಕೆಲಸ ನಡೆದಿದೆ.